ಶಾಲೆ ಕಂದಾಯ ಕೊಡದ ಮೂಡ್ಲಗಿರಿಯಪ್ಪ

ಬಹಳ ಹಿಂದೆ, ಈಗಿನ ಡಾಂಬರು ರಸ್ತೆ ಇನ್ನೂ ಬಂಡಿ ಜಾಡಾಗಿದ್ದಾಗ, ತಂಗಡೆಹಟ್ಟಿ ಅಂತ ಒಂದು ಊರು. ಊರು ಈಗಲೂ ಇದೆ, ಆಗಿನವರು ಇಲ್ಲ. ಆ ಊರಲ್ಲಿ ಮೂಡ್ಲಗಿರಿಯಪ್ಪ ಅಂತ ಕಂಬಳಿ ನೇಯುವವನೊಬ್ಬನಿದ್ದ. ಕುರಿ ಅವನದೇ, ಉಣ್ಣೆ ಅವನದೇ, ಮಗ್ಗವೂ ಅವನದೇ. ಅವನು ನೇಯ್ದ ಕಂಬಳಿಯಲ್ಲಿ ಬಾವಿಯಿಂದ ಮನೆತನಕ ನೀರು ಹೊತ್ತು ತಂದರೂ ಒಂದು ಹನಿ ಸೋರುತ್ತಿರಲಿಲ್ಲ ಅಂತ ಹೇಳ್ತಾರೆ. ನಮ್ಮಜ್ಜಿ ಮಾತ್ರ, ಸೋರ್ತಿತ್ತು, ಬೇರೆಯವರ ಕಂಬಳಿಗಿಂತ ನಿಧಾನಕ್ಕೆ ಸೋರ್ತಿತ್ತು, ಅಷ್ಟೇ ಅನ್ನೋಳು.

ಮೂಡ್ಲಗಿರಿಯಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬಲ್ಲವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಆಗ ಊರ ಗುಡಿಯ ಜಗಲಿ ಮೇಲೆ ಶಿವನಂಜಯ್ಯ ಅನ್ನೋ ವಯಸ್ಸಾದ ಅಯ್ನೋರು ಮಕ್ಕಳಿಗೆ ಮರಳಿನಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಸುಗ್ಗಿಯಾದ ಮೇಲೆ ಒಂದೊಂದು ಮನೆಯವರೂ ಹೋಗಿ ತಮ್ಮ ಕೈಯಾರೆ ಅಯ್ನೋರಿಗೆ ರಾಗಿ ಅಳೆದು ಬರೋರು. ಮಳೆ ಚೆನ್ನಾಗಿ ಆದ ವರ್ಷ ಎರಡು ಸೇರು ಹೆಚ್ಚಿಗೆ, ಕೈಕೊಟ್ಟ ವರ್ಷ ಕಡಿಮೆ. ಅಯ್ನೋರು ಸರಿಯಾಗಿ ಕಲಿಸದಿದ್ದರೆ ಹೆಂಗಸರು ಬಾವಿಕಟ್ಟೆಯಲ್ಲೇ ಕೇಳಿಬಿಡೋರು. ಹೀಗೇ ನಡೆದುಕೊಂಡು ಬಂದಿತ್ತು.

ಒಂದು ವರ್ಷ ತಳವಾರ ತಮಟೆ ಬಡಿದು ಸಾರಿದ. ಹೋಬಳಿಗೆಲ್ಲ ಒಂದು ದೊಡ್ಡ ಶಾಲೆ ಆಗುತ್ತದೆ, ಕಸಬೆಯಲ್ಲಿ ಕಟ್ಟುತ್ತಾರೆ, ಅದಕ್ಕೆ ಒಲೆ ಹಚ್ಚುವ ಮನೆಯವರೆಲ್ಲ ಶಾಲೆ ಕಂದಾಯ ಕೊಡಬೇಕು ಅಂತ. ಕಸಬೆ ಒಂದು ಹರದಾರಿ ದೂರ, ನಡುವೆ ಹಳ್ಳ ಬೇರೆ. ಆದರೂ ಮೊದಲ ವರ್ಷ ಎಲ್ಲರೂ ಕೊಟ್ಟರು. ಮೂಡ್ಲಗಿರಿಯಪ್ಪ ಎಲ್ಲರಿಗಿಂತ ಮೊದಲು ಕೊಟ್ಟ. ಕೊಟ್ಟದ್ದಲ್ಲದೆ, ಮಕ್ಕಳು ಕೂರಲಿ ಅಂತ ಎರಡು ಕಂಬಳಿಯನ್ನೂ ಕಳಿಸಿದ.

ಎರಡನೇ ವರ್ಷ ಕಂದಾಯ ಏರಿತು. ಯಾಕೆ ಅಂದರೆ, ಶಾಲೆಗೆ ಬೇಲಿ ಆಗಬೇಕು ಅಂದರು. ಬೇಲಿ ಆದ ಮೇಲೆ ಬೇಲಿಗೊಬ್ಬ ಕಾವಲುಗಾರ ಬೇಕಾಯಿತು. ಆಮೇಲೆ ಶಾಲೆ ನೋಡಿ ಹೋಗಲು ಒಬ್ಬ ಸಾಹೇಬರು ಬಂದರು, ಸಾಹೇಬರಿಗೆ ಕುದುರೆ ಬಂತು, ಕುದುರೆಗೆ ಲಾಯ ಕಟ್ಟಿದರು. ಮೂರನೇ ವರ್ಷ ಮತ್ತೆ ತಮಟೆ ಕೇಳಿಸಿದಾಗ ಮೂಡ್ಲಗಿರಿಯಪ್ಪ ಮಗ್ಗದಿಂದ ಎದ್ದು, ಹೆಗಲಿಗೆ ಕಂಬಳಿ ಹಾಕಿಕೊಂಡು ನೇರ ಕಸಬೆಗೆ ನಡೆದ.

ಕಟ್ಟಡ ಚೆನ್ನಾಗಿತ್ತು. ಕಲ್ಲಿನ ಕಂಬ, ಮಂಗಳೂರು ಹೆಂಚು. ಮಕ್ಕಳು ಹನ್ನೊಂದು ಜನ. ಮಕ್ಕಳ ಕೋಣೆಗಿಂತ ಸಾಹೇಬರು ಬಂದರೆ ಇಳಿದುಕೊಳ್ಳುವ ಕೋಣೆಯೇ ದೊಡ್ಡದು. ಅವನು ಕಳಿಸಿದ ಎರಡು ಕಂಬಳಿ ಆ ಕೋಣೆಯ ಮಂಚದ ಮೇಲಿದ್ದವು. ನರಸಿಂಗರಾಯರು ಅನ್ನೋ ಮೇಷ್ಟ್ರು ಒಳ್ಳೆಯವರು, ಮನಸ್ಸಿಟ್ಟು ಪಾಠ ಹೇಳುತ್ತಿದ್ದರು. ಊಟದ ಹೊತ್ತಿಗೆ ಮಾತಾಡಿಸಿದಾಗ, ನಾಲ್ಕು ತಿಂಗಳಿಂದ ತನಗೆ ಸಂಬಳವೇ ಬಂದಿಲ್ಲ ಅಂದರು. ಕುದುರೆಗೆ ಹುರುಳಿ ಮಾತ್ರ ತಪ್ಪಿರಲಿಲ್ಲ.

ಮೂಡ್ಲಗಿರಿಯಪ್ಪ ಊರಿಗೆ ಬಂದು ತಾನು ಕೊಡುವುದಿಲ್ಲ ಅಂದ. ನೀವೂ ಕೊಡಬೇಡಿ ಅಂತ ಯಾರಿಗೂ ಹೇಳಲಿಲ್ಲ. ಆದರೆ ಅವನು ಕೊಡದಿದ್ದಾಗ ಊರೂ ಕೊಡಲಿಲ್ಲ. ಎಲ್ಲರಿಗಿಂತ ಜೋರಾಗಿ ಕೊಡಲ್ಲ ಅಂದವನು ತಿಪ್ಪೇಗೌಡ, ಊರಿನ ಅರ್ಧ ಹೊಲದ ಒಡೆಯ.

ತಾಲ್ಲೂಕಿನಿಂದ ಅಮಲ್ದಾರರೇ ಬಂದರು. ಕೆಟ್ಟ ಮನುಷ್ಯರಲ್ಲ. ಚಾವಡಿಯಲ್ಲಿ ಕೂತು ಅವನನ್ನು ಕರೆಸಿದರು.

"ಏನಯ್ಯಾ, ನಿಮ್ಮ ಮಕ್ಕಳಿಗೆ ಓದು ಬೇಡವಾ?"

"ಬೇಕು ಬುದ್ಧಿ. ಓದು ಹೇಳೋರಿಗೆ ನಾವು ಕೊಡ್ತಾನೇ ಇದೀವಿ. ನಾವು ಕೊಟ್ಟಿದ್ದು ಎಲ್ಲಿ ಹೋಯ್ತು ಅಂತ ನಮ್ಗೆ ಕಾಣ್ತದೆ. ನಿಮ್ಗೆ ಕೊಟ್ಟಿದ್ದು ಕಾಣಲ್ಲ. ಹೋಗಿ ನೋಡಿದ್ರೆ ಕುದುರೆ ಕಾಣ್ತದೆ."

ಅಯ್ನೋರೇ ಇಲ್ಲದ ಹಟ್ಟಿಗಳು ಎಷ್ಟೋ ಇವೆ, ಅಲ್ಲಿನ ಮಕ್ಕಳ ಗತಿ ಏನು ಅಂತ ಅಮಲ್ದಾರರು ಕೇಳಿದರು. ಇದಕ್ಕೆ ಮೂಡ್ಲಗಿರಿಯಪ್ಪ, ಆ ಹಟ್ಟಿಗೆ ಅಯ್ನೋರನ್ನು ಕಳಿಸಿ, ಅವರಿಗೆ ಅಂತ ಕೇಳಿ, ಕೊಡ್ತೀನಿ. ಬೇಲಿಗೆ ಕೊಡಲ್ಲ ಅಂದನಂತೆ.

ಕಾನೂನು ಕಾನೂನೇ. ಶುರು ಮಾಡಿದವನು ಅಂತ ಮೂಡ್ಲಗಿರಿಯಪ್ಪನ ಮನೆಗೇ ಜಪ್ತಿಗೆ ಬಂದರು. ಹಿತ್ತಾಳೆ ಹಂಡೆ, ಒಂಬತ್ತು ಕಂಬಳಿ ತಂದು ಚಾವಡಿ ಮುಂದೆ ಹಾಕಿದರು. ಮಗ್ಗವನ್ನು ಅರ್ಧ ನೇಯ್ದ ಕಂಬಳಿಯ ಸಮೇತ ಕಿತ್ತರು. ನೂಲು ಹರಿಯುವ ಸದ್ದು ಕೇಳಿ ಮೂಡ್ಲಗಿರಿಯಪ್ಪ ಗೋಡೆ ಕಡೆ ತಿರುಗಿ ನಿಂತ. ಮೂರು ದಿನ ಹರಾಜು ಕೂಗಿದರು. ಊರಿನವರೆಲ್ಲ ಸುತ್ತ ನಿಂತಿದ್ದರು, ಒಬ್ಬರೂ ಬಾಯಿ ಬಿಡಲಿಲ್ಲ. ಹೊತ್ತುಕೊಂಡು ಹೋಗೋಣ ಅಂದರೆ ಕಂಬಳಿಗಳು ಬಂಡೆಯ ಹಾಗೆ ಭಾರವಾದವು, ನಾಲ್ಕು ಜನ ಹಿಡಿದರೂ ಒಂದು ಕಂಬಳಿ ಮೇಲೇಳಲಿಲ್ಲ ಅಂತ ಹೇಳ್ತಾರೆ. ಆ ಮೂರು ದಿನವೂ ಮಳೆ ಸುರಿದಿತ್ತು, ನೆಂದ ಉಣ್ಣೆ ಭಾರ ಇರದೆ ಇನ್ನೇನು ಅನ್ನೋಳು ನಮ್ಮಜ್ಜಿ. ಅಂತೂ ಕಂಬಳಿ, ಹಂಡೆ ಬಿಟ್ಟು ಹೋದರು. ಮಗ್ಗ ತಾಲ್ಲೂಕಿಗೆ ಹೋಯಿತು, ಮತ್ತೆ ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅವನ ಹೆಸರು ಇಷ್ಟು ದಿನ ಉಳಿಯುತ್ತಿರಲಿಲ್ಲ. ಅದೇ ಚಳಿಗಾಲದಲ್ಲಿ ಶಿವನಂಜಯ್ಯನವರು ತೀರಿಕೊಂಡರು. ಗುಡಿ ಜಗಲಿ ಬರಿದಾಯಿತು. ಮಕ್ಕಳು ಕುರಿ ಹಿಂದೆ, ದನದ ಹಿಂದೆ ಹೋದರು. ಕಸಬೆ ಶಾಲೆಗೆ ಕಳಿಸೋಣ ಅಂದರೆ ಕಂದಾಯ ಕೊಡದ ಊರಿನ ಮಕ್ಕಳಿಗೆ ಜಾಗವಿಲ್ಲ ಅಂದರು. ಹರಾಜಿನ ಹೊತ್ತಿಗೆ ಮೂಡ್ಲಗಿರಿಯಪ್ಪನನ್ನು ಹೊಗಳಿದವರೇ ಈಗ ಅವನು ಎದುರು ಬಂದರೆ ಬೇರೆ ದಾರಿ ಹಿಡಿದರು.

ಅವನ ಸೊಸೆ ಲಕ್ಕಮ್ಮ ಮಾವನ ಎದುರು ಮಾತಾಡಿದವಳಲ್ಲ. ಒಂದು ಬೆಳಿಗ್ಗೆ ಮುದ್ದೆ ಬಡಿಸಿ, ಒಳಗೆ ಹೋಗದೆ ನಿಂತೇ ಇದ್ದಳು.

"ಮಾವ, ಕಂದಾಯ ಕೊಡಲ್ಲ ಅನ್ನೋದನ್ನ ನೀವು ಮಾಡಿದ್ರಿ. ಊರೆಲ್ಲ ನೋಡ್ತು. ಓದು ಬೇಕು ಅನ್ನೋದನ್ನ ಯಾರು ಮಾಡ್ತಾರೆ?"

ಮೂಡ್ಲಗಿರಿಯಪ್ಪ ತಟ್ಟೆ ಬಿಟ್ಟು ಎದ್ದ. ಮುದ್ದೆ ಹಾಗೇ ತಣ್ಣಗಾಯಿತು. ಮಗ್ಗ ಹೋದಾಗ ಆದದ್ದಕ್ಕಿಂತ ಹೆಚ್ಚು ಸಂಕಟ ಆವತ್ತು ಆಯಿತು ಅಂತ ಮುಂದೆ ಅವನೇ ಎಷ್ಟೋ ಜನರ ಹತ್ತಿರ ಹೇಳಿಕೊಂಡಿದ್ದಾನೆ.

ಅವನು ಮತ್ತೆ ಕಸಬೆಗೆ ನಡೆದ. ನರಸಿಂಗರಾಯರನ್ನು ನಮ್ಮೂರಿಗೆ ಬನ್ನಿ ಅಂತ ಕರೆದ. ಮೇಷ್ಟ್ರು ಹಿಂದೆ ಮುಂದೆ ನೋಡಿದರು. ಸಂಬಳ ಬರದಿದ್ದರೂ ಸರ್ಕಾರದ ಕೆಲಸ. ಇವನು, ವರ್ಷಕ್ಕೆ ಊಟಕ್ಕಾಗುವಷ್ಟು ರಾಗಿ, ಇರಲು ಮನೆ, ಹಾಲಿಗೆ ಒಂದು ಎಮ್ಮೆ ಕೊಡ್ತೀವಿ ಅಂದ. ಮಾತು ತಪ್ಪಿದರೆ ಅಂತ ಮೇಷ್ಟ್ರು ಕೇಳಿದರು. ತಪ್ಪಿದರೆ ನನ್ನ ಕುರಿ ಹಟ್ಟಿಗೆ ಬಂದು ನಿಮಗೆ ಬೇಕಾದ್ದನ್ನು ಹೊಡೆದುಕೊಂಡು ಹೋಗಿ ಅಂದ. ಮೇಷ್ಟ್ರು ಬಂದರು.

ಕೊಡಲ್ಲ ಅನ್ನುವಾಗ ಒಂದಾಗಿದ್ದ ಊರು ಕೊಡುವಾಗ ಒಂದಾಗಲಿಲ್ಲ. ಒಬ್ಬ ಸುಗ್ಗಿ ಆಗಲಿ ಅಂದ, ಇನ್ನೊಬ್ಬ ನನಗೆ ಮಕ್ಕಳೇ ಇಲ್ಲ ಅಂದ. ಬಲವಂತ ಮಾಡಬಾರದು, ತಮ್ಮ ಪಾಡಿಗೆ ಬಿಟ್ಟರೆ ಜನ ತಾವಾಗಿಯೇ ಕೊಡುತ್ತಾರೆ ಅಂತ ಮೂಡ್ಲಗಿರಿಯಪ್ಪ ಹೇಳುತ್ತಿದ್ದ, ನಂಬಿಯೂ ಇದ್ದ. ಅದು ಅರ್ಧ ನಿಜವಾಯಿತು. ಉಳಿದರ್ಧಕ್ಕೆ ಅವನು ಮನೆ ಮನೆ ತಿರುಗಿದ. ಬಾಗಿಲಲ್ಲಿ ಕೂರುತ್ತಿದ್ದ, ಬೈಯುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಕದಿರು ಹಿಡಿದು ಉಣ್ಣೆ ನೂಲುತ್ತಿದ್ದ. ಮನೆಯವರಿಗೇ ನಾಚಿಕೆಯಾಗಿ ಮೊರ ತುಂಬಿ ತರುತ್ತಿದ್ದರು. ಹೀಗೆ ಒಂದೊಂದೇ ಮನೆ ಒಪ್ಪಿಕೊಂಡಿತು.

ತಿಪ್ಪೇಗೌಡನ ಜಗಲಿ ಮೇಲೆ ಒಂಬತ್ತು ದಿನ ಕೂತ. ಅವನು ನೂತ ನೂಲು ಊರನ್ನು ಏಳು ಸುತ್ತು ಸುತ್ತುವಷ್ಟಾಯಿತು ಅಂತ ಹೇಳ್ತಾರೆ. ಹತ್ತನೇ ದಿನ ಗೌಡ ಹೊರಗೆ ಬಂದ.

"ಮೂಡ್ಲಗಿರಿ, ಕೊಡಲ್ಲ ಅಂದ್ರೆ ಬಲವಂತ ಮಾಡ್ಬಾರ್ದು ಅಂದೋನು ನೀನೇ ಅಲ್ವೇನೋ? ನಾನು ಕೊಡಲ್ಲ."

ಮೂಡ್ಲಗಿರಿಯಪ್ಪ ಕದಿರನ್ನು ಸುತ್ತಿಟ್ಟುಕೊಂಡು ಎದ್ದ. ಹೌದು ಗೌಡ್ರೇ, ನಾನೇ ಅಂದಿದ್ದು ಅಂದು ಮನೆಗೆ ಬಂದ. ಆ ವರ್ಷ ಗೌಡನ ಪಾಲನ್ನು ತಾನೇ ಒಂದು ಕುರಿ ಮಾರಿ ತುಂಬಿದ. ಬದುಕಿರುವ ತನಕ ವರ್ಷಾ ವರ್ಷಾ ತುಂಬಿದ. ಗೌಡನ ಮೊಮ್ಮಕ್ಕಳು ಗುಡಿ ಜಗಲಿಗೆ ಪಾಠಕ್ಕೆ ಬಂದಾಗ ಹಿಂದಕ್ಕೆ ಕಳಿಸೋಣ ಅಂತ ಕೆಲವರು ಎದ್ದರು. ಮೂಡ್ಲಗಿರಿಯಪ್ಪ ಬಿಡಲಿಲ್ಲ. ಮುಂದಿನ ಸಾಲಲ್ಲೇ ಕೂರಿಸಿದ.

ಎರಡು ಮೂರು ವರ್ಷ ಕಳೆದ ಮೇಲೆ ಅಮಲ್ದಾರರು ಆ ದಾರಿಯಲ್ಲಿ ಹೋಗುವಾಗ ಮಗ್ಗಿ ಹೇಳುವ ದನಿ ಕೇಳಿ ಗಾಡಿ ನಿಲ್ಲಿಸಿದರು. ಜಗಲಿ ಮೇಲೆ ನಲವತ್ತು ಮಕ್ಕಳು. ಮೂಡ್ಲಗಿರಿಯಪ್ಪ ಹೊಸ ಮಗ್ಗ ಮಾಡಿಕೊಂಡಿದ್ದ.

"ಎಲ್ಲಾ ಮನೆಯವರೂ ಕೊಡ್ತಾರೇನಯ್ಯಾ?"

"ಇಲ್ಲ ಬುದ್ಧಿ. ಒಂದು ಮನೆ ಕೊಡಲ್ಲ. ಅವ್ರ ಪಾಲು ನಾನೇ ತುಂಬ್ತೀನಿ. ಕುರಿ ಅದೆ, ಮಾರ್ತೀನಿ."

ಅಮಲ್ದಾರರು ನಕ್ಕರು ಅಂತ ಕೆಲವರು, ನಗಲಿಲ್ಲ ಅಂತ ಕೆಲವರು. ಆ ವರ್ಷದಿಂದ ತಂಗಡೆಹಟ್ಟಿಗೆ ಶಾಲೆ ಕಂದಾಯದ ತಮಟೆ ಬರಲಿಲ್ಲ, ಅದಂತೂ ನಿಜ. ಅಮಲ್ದಾರರು ಮೇಲಿನವರಿಗೆ ಬರೆದು ಬಿಡಿಸಿದರು ಅಂತಾರೆ. ಬರೆಯುವ ಗುಮಾಸ್ತ ಊರಿನ ಹೆಸರು ಬಿಟ್ಟುಬಿಟ್ಟ ಅಂತಲೂ ಅಂತಾರೆ.

ಮೂಡ್ಲಗಿರಿಯಪ್ಪ ತುಂಬಾ ವರ್ಷ ಬದುಕಿದ. ಅವನು ಸತ್ತ ವರ್ಷ, ಗೌಡನ ಪಾಲು ಯಾರು ತುಂಬಬೇಕು ಅಂತ ಪ್ರಶ್ನೆ ಬಂತು. ಮಾರನೇ ದಿನ ನೋಡಿದರೆ ಮೇಷ್ಟ್ರ ಮನೆ ಬಾಗಿಲಲ್ಲಿ ಒಂದು ಚೀಲ ರಾಗಿ ಇತ್ತು. ಇಟ್ಟವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಈಗ ತಂಗಡೆಹಟ್ಟಿಯಲ್ಲೇ ಸರ್ಕಾರಿ ಶಾಲೆ ಇದೆ, ಮೇಷ್ಟ್ರಿಗೆ ಸಂಬಳ ಬರುತ್ತದೆ. ಆದರೂ ಸುಗ್ಗಿ ಮುಗಿದ ಮೇಲಿನ ಮೊದಲ ಸೋಮವಾರ ಮನೆಗೊಂದು ಸೇರು ರಾಗಿ ತಂದು ಶಾಲೆ ಮುಂದಿನ ಚಾಪೆಯ ಮೇಲೆ ಸುರಿಯುತ್ತಾರೆ. ಕಳಿಸಿಕೊಡುವ ಹಾಗಿಲ್ಲ, ಮನೆಯವರೇ ಬಂದು ಸುರಿಯಬೇಕು. ಎಲ್ಲಕ್ಕಿಂತ ಮೊದಲು ಸುರಿಯೋದು ರಾಗಿ ತರದೆ ಉಳಿಯುವ ಮನೆಯವರ ಪಾಲು. ಅದನ್ನು ಯಾರೋ ಒಬ್ಬರು ಬೆಳಗಿನ ಜಾವಕ್ಕೇ ಸುರಿದು ಹೋಗಿರುತ್ತಾರೆ, ಯಾರು ಅಂತ ವಿಚಾರಿಸುವ ಹಾಗಿಲ್ಲ. ಆ ರಾಗಿಯಲ್ಲಿ ಮುದ್ದೆ ಮಾಡಿ ಮಕ್ಕಳಿಗೆಲ್ಲ ಬಡಿಸುತ್ತಾರೆ. ಹೋದ ವರ್ಷ ಮೂರು ಮನೆಯವರು ಬಂದಿರಲಿಲ್ಲ. ಅವರ ಮಕ್ಕಳು ಮುಂದಿನ ಸಾಲಲ್ಲಿ ಕೂತು ಉಂಡವು.