ಮಂಜಿನ ದಿನದ ಕನ್ನಡಿ

“ಮೋಡದ ಮೇಲಿರುವವರೂ ಕೆಳಗಿರುವವರೂ ಕಿವಿಗೊಡಬೇಕು. ದೊರೆ ಗಗನಸೇನರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರು ಕರೆಗೋಪುರದ ಒಡೆಯರು. ತಪ್ಪಿದವರ ತಲೆ ಹೋಗುತ್ತದೆ. ಯಾರೂ ಬಿಡಿಸದಿದ್ದರೆ ಬರುವ ಹುಣ್ಣಿಮೆಯಿಂದ ಗೋಪುರಕ್ಕೆ ಮಾಯಾಕನ್ನಡಿಯೊಂದೇ ಸಾಕು, ಕರೆಗಾರರೆಲ್ಲ ಮನೆಗೆ ಹೋಗಬಹುದು.”

ಹೀಗೆಂದು ಡಂಗುರ ಹೊಡೆಸಿದರು. ಆ ರಾಜ್ಯದಲ್ಲಿ ಜನ ಓಡಾಡುತ್ತಿದ್ದುದು ಗಾಳಿದೋಣಿಗಳಲ್ಲಿ. ಯಾವ ದೋಣಿ ಏರಬೇಕು, ಯಾವುದು ಯಾವ ಕಟ್ಟೆಗೆ ಇಳಿಯಬೇಕು ಎಂದು ಕರೆಗಾರರು ಗೋಪುರದ ಮೇಲಿಂದ ಹಿತ್ತಾಳೆಯ ಕಹಳೆಯಲ್ಲಿ ಕೂಗಿ ಹೇಳುತ್ತಿದ್ದರು. ಈಚೆಗೆ ಪರದೇಶದ ಕುಶಲಿಗನೊಬ್ಬ ಆಕಾಶದ ದೋಣಿಗಳನ್ನೆಲ್ಲ ತೋರಿಸುವ ಕನ್ನಡಿಯೊಂದನ್ನು ತಂದುಕೊಟ್ಟಿದ್ದ. ದೊರೆಗೆ ಅದರ ಮುಂದೆ ಊಟ ನಿದ್ದೆ ಎರಡೂ ಬೇಡವಾಗಿದ್ದವು.

ಮೊದಲು ಬಂದವರು ಆಸ್ಥಾನ ಪಂಡಿತರು. ದೊರೆ ಕೇಳಿದರು: “ಬಾಯಿಂದ ಹೊರಟದ್ದು ತಿರುಗಿ ಕಿವಿಗೆ ಬರುವ ತನಕ ಹೊರಟಂತೆಯೇ ಅಲ್ಲ. ಬರುವಾಗ ಸ್ವಲ್ಪ ಬದಲಾಗಿದ್ದು, ಕೇಳಿದವರು ಸುಮ್ಮನಿದ್ದರೆ ಜನ ಸಾಯುತ್ತಾರೆ. ಏನದು?”

“ಪ್ರತಿಧ್ವನಿ,” ಎಂದರು ಪಂಡಿತರು ಮೀಸೆ ತಿರುವುತ್ತ.

“ಪ್ರತಿಧ್ವನಿಯಿಂದ ಯಾರು ಸತ್ತಿದ್ದಾರೆ?” ಎಂದು ದೊರೆ ಅವರನ್ನು ಸೆರೆಮನೆಗೆ ಕಳಿಸಿದರು. ತಲೆ ಕಡಿಯುವವನಿಗೆ ಜ್ವರ ಬಂದಿದ್ದರಿಂದ ಸದ್ಯಕ್ಕೆ ತಲೆ ಉಳಿಯಿತು.

ಒಂದೇ ಒಗಟನ್ನು ಮತ್ತೆ ಹಾಕಲು ದೊರೆಗೆ ಬೇಸರ. ಆಮೇಲೆ ಬಂದ ಸೇನಾಪತಿಗೆ ಬೇರೆಯದನ್ನು ಕೇಳಿದರು: “ಚೆನ್ನಾಗಿ ಮಾಡಿದಷ್ಟೂ ಏನೂ ಆಗದ ಕೆಲಸ ಯಾವುದು?”

“ನಿದ್ದೆ ಮಹಾಸ್ವಾಮಿ,” ಎಂದ ಸೇನಾಪತಿ, ಅನುಭವಸ್ಥನಂತೆ. ಅವನೂ ಪಂಡಿತರ ಪಕ್ಕಕ್ಕೆ ಹೋಗಿ ಕುಳಿತ.

ಮೂರನೆಯವಳಾಗಿ ಬಂದವಳು ಹುಲಿಗೆವ್ವ. ಬುಟ್ಟಿ ಹೆಣೆಯುವವರ ಮಗಳು, ಗೋಪುರದಲ್ಲಿ ನಾಲ್ಕು ವರ್ಷದಿಂದ ಕರೆಗಾರ್ತಿ. ಅವಳಿಗೆ ಒಡೆತನದ ಆಸೆ ಇರಲಿಲ್ಲ. ಕನ್ನಡಿಯೊಂದನ್ನೇ ನಂಬಿ ದೋಣಿ ಇಳಿಸಿದರೆ ಏನು ಗತಿ ಎಂಬ ಹೆದರಿಕೆ ಅವಳನ್ನು ಅಲ್ಲಿಗೆ ಎಳೆದು ತಂದಿತ್ತು.

ಹಿಂದಿನ ಎರಡೂ ಒಗಟು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿದ್ದವು; ಮೊದಲನೆಯದಕ್ಕೆ ಅವಳು ತಡವರಿಸಲಿಲ್ಲ. “ನಾವು ದೋಣಿಯವ್ರಿಗೆ ಕೊಡೋ ಅಪ್ಪಣೆರೀ. ‘ಬಡಗಣ ಕಟ್ಟಿಗೆ ಇಳಿ’ ಅಂದ್ರ ಅವರು ಅದನ್ನ ತಿರುಗಿ ಹೇಳಬೇಕು. ಬರೇ ‘ಆತು’ ಅಂದ್ರ ನಡಿಯೂದಿಲ್ಲ. ತಪ್ಪು ಕೇಳಿಸ್ಕೊಂಡಿದ್ರ ಅಲ್ಲೇ ಗೊತ್ತಾಗ್ತೈತಿ.”

“ಎರಡನೆಯದು?”

“ಅದೂ ನಮ್ಮ ಕೆಲಸಾನ ರೀ. ದಿನಾ ಸಂಜಿಗೆ ನಮ್ಮವ್ವ ‘ಇವತ್ತೇನಾತು?’ ಅಂತಾಳ. ‘ಏನೂ ಆಗಿಲ್ಲವ್ವ’ ಅಂತೀನಿ. ಆ ಏನೂ ಆಗದಂಗ ನೋಡ್ಕೊಳ್ಳೂದ್ರಾಗ ಮೈ ಹಣ್ಣಾಗಿರ್ತೈತಿ.”

ದೊರೆಗೆ ಖುಷಿಯಾಯಿತು. ಕನ್ನಡಿಯ ಮೇಲಿನ ರೇಷ್ಮೆ ಸರಿಸಿ ಕೇಳಿದರು: “ಈ ಕನ್ನಡಿಯಲ್ಲಿ ಇದ್ದು ಆಕಾಶದಲ್ಲಿ ಇಲ್ಲದ್ದು ಏನು?”

ದೊರೆಗೆ ಬೇಕಾದ ಉತ್ತರ ಸಭೆಗೆಲ್ಲ ಗೊತ್ತಿತ್ತು. ಮುದಿ ಮಂತ್ರಿ ಮೆಲ್ಲಗೆ, “‘ಏನೂ ಇಲ್ಲ, ಕನ್ನಡಿ ಸತ್ಯವಂತ’ ಅಂದುಬಿಡು ಮಗಳೇ, ತಲೆ ಉಳಿಯುತ್ತದೆ” ಎಂದ.

ಹುಲಿಗೆವ್ವ ಮಂತ್ರಿಗೆ ಕೈ ಮುಗಿದಳು. ಆದರೂ, “ಇವತ್ತು ಹೇಳಾಕ ಬರೂದಿಲ್ರೀ. ಮಂಜು ಬಿದ್ದ ದಿನ ಕನ್ನಡಿ ಪಕ್ಕ ಕುಂತು ನೋಡಿ ಹೇಳ್ತೀನಿ” ಎಂದಳು.

“ನೂರು ಬಿಸಿಲಿನ ದಿನ ನಾವೇ ನೋಡಿದ್ದೇವೆ. ಸಾಲದೇ?”

“ಬಿಸಿಲಿನಾಗ ನನ್ನ ಕಣ್ಣಿಗೂ ಛಲೋ ಕಾಣ್ತೈತ್ರೀ.”

ದೊರೆ ಮುಖ ಗಂಟಿಕ್ಕಿ ಹುಣ್ಣಿಮೆಯ ತನಕ ಗಡುವು ಕೊಟ್ಟರು. ಅಷ್ಟರಲ್ಲಿ ತಲೆ ಕಡಿಯುವವನ ಜ್ವರವೂ ಬಿಟ್ಟಿತು. ಅವನು ದಿನಾ ಗೋಪುರದ ಕೆಳಗೇ ಕತ್ತಿ ಮಸೆಯುತ್ತ ಕುಳಿತ.

ಹುಣ್ಣಿಮೆಗೆ ಒಂದು ದಿನ ಇರುವಾಗ ಬೆಳಿಗ್ಗೆ ಮಂಜು ಕವಿಯಿತು. ದೊರೆ ಏದುಸಿರು ಬಿಡುತ್ತ ಗೋಪುರ ಹತ್ತಿದರು. ಕರೆಗಾರರು ಎಂದಿನಂತೆ ಕಹಳೆ ಹಿಡಿದಿದ್ದರು, ಹುಲಿಗೆವ್ವ ಕನ್ನಡಿಯ ಪಕ್ಕ ಕುಳಿತಿದ್ದಳು. ಆಗ ಮಂಜಿನೊಳಗಿಂದ ದನಿ ಬಂತು: “ರಾಣಿಯವರ ದೋಣಿ. ತವರಿನಿಂದ ಬಂದಿದ್ದೇವೆ. ಎಲ್ಲಿ ಇಳಿಯಲಿ?”

ಕನ್ನಡಿಯಲ್ಲಿ ಬಡಗಣ ಕಟ್ಟೆಯ ಮೇಲೆ ಒಂದು ದೋಣಿ ಇತ್ತು. ತೆಂಕಣ ಕಟ್ಟೆ ಖಾಲಿ.

“ತೆಂಕಣಕ್ಕೆ ಇಳಿಸು,” ಎಂದರು ದೊರೆ.

“ತಡೀರಿ,” ಎಂದಳು ಹುಲಿಗೆವ್ವ. ಎರಡೂ ಕಟ್ಟೆಗಳಿಗೆ ಕಹಳೆಯಲ್ಲಿ ಕೂಗಿ ಕೇಳಿದಳು. ತೆಂಕಣದಿಂದ ಉತ್ತರ ಬಂತು: “ಉಪ್ಪಿನ ದೋಣಿ ಈಗಷ್ಟೇ ಮೇಲೆ ಏಳುತ್ತಿದೆ.” ಬಡಗಣದಿಂದ ಯಾರೋ ತುಂಬಿದ ಬಾಯಲ್ಲಿ, “ನಾನು ಆಗಲೇ ಇಳಿದು, ದೋಣಿ ಮನೆಗೆ ಸೇರಿಸಿ, ರೊಟ್ಟಿ ತಿನ್ನುತ್ತಿದ್ದೇನೆ. ಇಲ್ಲಿ ಯಾರೂ ಇಲ್ಲ” ಎಂದ. ಕನ್ನಡಿಯಲ್ಲಿ ಮಾತ್ರ ಅವನ ದೋಣಿ ಇನ್ನೂ ಅಲ್ಲೇ ತೇಲುತ್ತಿತ್ತು.

ಅವಳು ರಾಣಿಯ ದೋಣಿಯನ್ನು ಬಡಗಣಕ್ಕೆ ಕರೆದಳು. ಅಂಬಿಗ ಅಪ್ಪಣೆಯನ್ನು ತಿರುಗಿ ಹೇಳಿದ ಮೇಲೆಯೇ ಉಸಿರು ಬಿಟ್ಟಳು.

“ಉತ್ತರ ಸಿಕ್ತ್ರೀ,” ಎಂದಳು. “ಕನ್ನಡಿಯಾಗ ಇದ್ದು ಆಕಾಶದಾಗ ಇಲ್ಲದ್ದು, ಆಗಲೇ ಇಳಿದುಹೋದ ದೋಣಿ. ಮಂಜಿನಾಗ ಇದಕ್ಕ ಕಾಣೂದಿಲ್ಲ. ಕಾಣೂದಿಲ್ಲ ಅಂತ ಬಾಯಿ ಬಿಟ್ಟು ಹೇಳೂದೂ ಇಲ್ಲ. ಕಡೀಗೆ ಕಂಡದ್ದನ್ನ ಹಿಡಕೊಂಡು ಕುಂದರ್ತೈತಿ.”

ದೊರೆ ಬೆವರು ಒರೆಸಿಕೊಂಡರು. ತಮ್ಮ ಮಾತಿನಂತೆ ಇಳಿಸಿದ್ದರೆ ರಾಣಿಯ ಗತಿ ಏನಾಗುತ್ತಿತ್ತೆಂದು ಅವರಿಗೆ ಹೊಳೆದಿತ್ತು. “ಗೋಪುರ ನಿನ್ನದು. ಇನ್ನೇನು ಬೇಕು ಕೇಳು,” ಎಂದರು.

“ಪಂಡಿತರನ್ನೂ ಸೇನಾಪತಿನೂ ಬಿಟ್ಟುಬಿಡ್ರಿ. ಕರೆಗಾರರು ಇರಲಿ. ಕನ್ನಡಿನೂ ಇರಲಿ, ಬಿಸಿಲಿನಾಗ ಛಲೋ ಐತಿ. ಒಂದು ವರ್ಷ ನಮ್ಮ ಪಕ್ಕ ಕುಂತು ಕೆಲಸ ಕಲೀಲಿ.”

ಎಲ್ಲವೂ ಹಾಗೇ ಆಯಿತು. ತಲೆ ಕಡಿಯುವವನು ಹರಿತವಾದ ಕತ್ತಿಯನ್ನು ಅರಮನೆಯ ಅಡಿಗೆಮನೆಗೆ ಕೊಟ್ಟ. ಮುಂದಿನ ವಾರ ಸ್ವತಃ ದೊರೆಯೇ ದೋಣಿಯಲ್ಲಿ ಬಂದು ಇಳಿಯಲು ಅಪ್ಪಣೆ ಕೇಳಿದರು.

“ತೆಂಕಣ ಕಟ್ಟಿಗೆ ಇಳೀರಿ,” ಎಂದಳು ಹುಲಿಗೆವ್ವ.

“ಆಗಲಿ,” ಎಂದರು ದೊರೆ ಗತ್ತಿನಿಂದ.

ಗೋಪುರ ಮಾತಾಡಲಿಲ್ಲ. ದೊರೆ ಆಕಾಶದಲ್ಲಿ ಒಂದು ಸುತ್ತು ಹೊಡೆದರು, ಇನ್ನೊಂದು ಸುತ್ತು ಹೊಡೆದರು. ಕೊನೆಗೆ ಗಂಟಲು ಸರಿಮಾಡಿಕೊಂಡು, ಊರಿಗೆಲ್ಲ ಕೇಳುವಂತೆ, “ತೆಂಕಣ ಕಟ್ಟೆಗೆ ಇಳಿಯುತ್ತಿದ್ದೇನೆ,” ಎಂದರು.

“ಈಗ ಬರ್ರಿ,” ಎಂದಳು ಅವಳು.