ಕೆಂಪು ಬಳಿದ ಮಾವಿನ ಮರ

ಹೊಳೆದಂಡೆಯ ಏಳೂರಿನ ಹಳೆಯ ಹಣ್ಣಿನ ತೋಟಗಳಿಗೆ ಕಾಲುವೆ ನೀರು ಬಿಡಲು ದೇಸಾಯರು ಒಪ್ಪಿದರು. ಆದರೆ ಫಲ ಕೊಡುವ ಮರಕ್ಕೆ ಮಾತ್ರ ನೀರು. ಕೊಡದ ಮರವನ್ನು ಕಡಿದು ಅಲ್ಲಿ ಹೊಸ ಸಸಿ.

ಮರಗಳನ್ನು ನೋಡಿ ಗುರುತು ಹಾಕುವ ಕೆಲಸವನ್ನು ಗುರು ಮುರಿಗೆಯ್ಯನವರು ಶಿಷ್ಯ ಅಡಿವೆಪ್ಪನಿಗೆ ವಹಿಸಿದರು. ಉಳಿಯುವ ಮರಕ್ಕೆ ಸುಣ್ಣ, ಕಡಿಯುವ ಮರಕ್ಕೆ ಕೆಮ್ಮಣ್ಣು.

ಅವನು ಒಂದೇ ತಿಂಗಳಲ್ಲಿ ಮುಗಿಸಿ ಬಂದ.

ಮರುದಿನ ಬೆಳಿಗ್ಗೆ ಆಶ್ರಮಕ್ಕೆ ಸುದ್ದಿ ಬಂತು. ಸಾತವ್ವ ಎಂಬ ಮುದುಕಿ ತನ್ನ ಮಾವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಾಳೆ. ಕೊಡಲಿ ಹಿಡಿದವರು ಎದುರಿಗಿದ್ದಾರೆ.

ಗುರುಶಿಷ್ಯರು ಓಡೋಡಿ ಹೋದರು.

"ಕೆಂಪು ಗುರುತೈತ್ರಿ, ಬುದ್ಧಿ. ನಾವು ಕಡಿಯಾಕಬೇಕು," ಎಂದ ಮೇಸ್ತ್ರಿ.

ಗುರುಗಳು ಅವನ ಕೈಯಿಂದ ಕೊಡಲಿ ತೆಗೆದುಕೊಂಡು ಶಿಷ್ಯನಿಗೆ ಕೊಟ್ಟರು. "ಗುರುತು ನಿನ್ನದು. ಮೊದಲ ಏಟೂ ನಿನ್ನದೇ ಆಗಲಿ."

ಅಡಿವೆಪ್ಪ ಕೊಡಲಿ ಹಿಡಿದು ಮರದ ಹತ್ತಿರ ಹೋದ. "ಸರಿದು ನಿಲ್ಲವ್ವಾ."

ಸಾತವ್ವ ಕದಲಲಿಲ್ಲ. "ಅವತ್ತ ಬಂದಾಗ ಮರಾ ಅಷ್ಟ ನೋಡಿದಿ. ನನ್ನ ಒಂದ ಮಾತ ಕೇಳಲಿಲ್ಲ."

"ಈಗ ಕೇಳುತ್ತೇನೆ. ಮೂರು ವರ್ಷದಿಂದ ಈ ಮರ ಯಾಕೆ ಕಾಯಿ ಬಿಟ್ಟಿಲ್ಲ?"

"ಬಿಡಾಕ ಚಿಗುರು ಉಳದರಲ್ಲ? ಈ ಹಣ್ಣಿನ ರುಚಿಗೆ ಏಳೂರಿನವರೂ ಬಂದು ಕಸಿ ಕಟ್ಟಾಕ ಕಡ್ಡಿ ಕೊಯ್ಕೊಂಡ ಹೋದ್ರು. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ."

ಅಡಿವೆಪ್ಪ ತಲೆಯೆತ್ತಿದ. ಕೊಂಬೆ ಕೊಂಬೆಯ ತುದಿಯಲ್ಲೂ ಕೊಯ್ದ ಗಾಯ. ಅವನು ಸಂತೋಷದಿಂದ ಸುಣ್ಣ ಬಳಿದ ಎಳೆಯ ಮಾವುಗಳೆಲ್ಲ ಈ ಮರದ ಮಕ್ಕಳು.

ಕೊಡಲಿ ಕೆಳಗೆ ಬಿತ್ತು. ಹೆಗಲ ವಸ್ತ್ರ ಒದ್ದೆ ಮಾಡಿ ಕೆಮ್ಮಣ್ಣನ್ನು ತಿಕ್ಕಿ ತಿಕ್ಕಿ ಒರೆಸಿದ. ತೊಗಟೆಯ ಬಿರುಕಿನೊಳಗೆ ಇಳಿದದ್ದನ್ನು ಉಗುರಿನಿಂದ ಕೆರೆದ.

ಮೇಸ್ತ್ರಿ ಹತ್ತಿರ ಬಂದು ನೋಡಿದ. "ಗುರುತಿಲ್ಲದ ಮರ ನಾವು ಮುಟ್ಟಂಗಿಲ್ಲ," ಎಂದು ತನ್ನವರನ್ನು ಹಿಂದಕ್ಕೆ ಕರೆದ.

ಆಗ ಸಾತವ್ವ ಮರದಿಂದ ಬೆನ್ನು ತೆಗೆದಳು. ಅಡಿವೆಪ್ಪ ಅವಳನ್ನು ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತು ಅತ್ತ.

"ಗುರುಗಳೇ, ನೀವು ಬರದಿದ್ದರೆ ದೊಡ್ಡ ಪಾಪವಾಗುತ್ತಿತ್ತು. ಇನ್ನು ನೆಮ್ಮದಿ."

ಗುರುಗಳು ಕೂರಲಿಲ್ಲ. "ಇನ್ನೆಷ್ಟು ಮರಕ್ಕೆ ಕೆಂಪು ಹಾಕಿದ್ದೀಯ?"

"ಹತ್ತೊಂಬತ್ತು."

"ಇಲ್ಲಿ ಅಡ್ಡ ನಿಲ್ಲಲು ಈ ತಾಯಿ ಇದ್ದಳು. ಅಲ್ಲಿ ಯಾರಿದ್ದಾರೆ?"