ಹಾಲು ಉಕ್ಕಿಸಲು ಒಲೆ ಸಿಗದ ಓನರ್

"ಗುರುಗಳೇ, ಬಾಡಿಗೆಗೆ ಕೊಡಲು ಒಂದು ಮನೆ ಕೊಳ್ಳಬೇಕು. ಕೈಯಲ್ಲಿ ಅರ್ಧ ದುಡ್ಡೂ ಇಲ್ಲ. ಎಲ್ಲಿಂದ ಶುರು ಮಾಡಲಿ?" ಎಂದು ಶಿಷ್ಯ ಕೇಳಿದ.

ಮೋಕ್ಷದ ಬಗ್ಗೆ ಕೇಳುತ್ತಾನೆಂದು ಕಣ್ಣು ಮುಚ್ಚಿ ಕುಳಿತಿದ್ದ ಗುರುಗಳು ಒಂದು ಕಣ್ಣು ತೆರೆದರು. ನೋಡಿಟ್ಟಿರುವ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಇದ್ದಾರೆ, ಆದರೆ ಅವರು ಲೆಕ್ಕಕ್ಕಿಲ್ಲ ಎಂದ ಶಿಷ್ಯ. ಗುರುಗಳು ಇನ್ನೊಂದು ಕಣ್ಣನ್ನೂ ತೆರೆದು ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಓನರ್ ಎಂದು ಕರೆಸಿಕೊಳ್ಳಬೇಕೆಂಬುದು ಅವನ ಆಸೆ. ಊರಿನಲ್ಲಿ ಆರು ಮನೆಗಳ ಒಂದು ವಠಾರ ಮಾರಾಟಕ್ಕೆ ಬಂತು. ಬ್ಯಾಂಕಿನವರು ಅರ್ಧ ಸಾಲ ಕೊಡುತ್ತೇವೆ, ಇನ್ನರ್ಧ ನೀವು ತನ್ನಿ ಎಂದರು. ವಾಸಕ್ಕೊಂದು ಸ್ವಂತ ಮನೆ ಬಿಟ್ಟರೆ ವ್ಯಾಪಾರಿಯ ಬಳಿ ಇದ್ದದ್ದು ಪಾತ್ರೆಗಳು.

ಅವನು ವಠಾರದವರನ್ನೆಲ್ಲ ಕೂರಿಸಿಕೊಂಡು, ಮನೆಗಳನ್ನು ಭೋಗ್ಯಕ್ಕೆ ಹಾಕಿಕೊಳ್ಳಿ ಎಂದ. ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಟ್ಟು ಹೋಗುವಾಗ ಕೊಟ್ಟದ್ದನ್ನು ಪೂರ್ತಿ ವಾಪಸು ಪಡೆಯುವುದು. ಆರೂ ಮನೆಯವರು ಒಪ್ಪಿದರು. ಬೀದಿ ಕಡೆಯ ಮನೆಯಲ್ಲಿದ್ದ ಹೂವಾಡಗಿತ್ತಿ ಮುನಿತಾಯಮ್ಮ, ಇಪ್ಪತ್ತು ವರ್ಷ ಹೂ ಕಟ್ಟಿ ಕೂಡಿಸಿದ್ದನ್ನೆಲ್ಲ ತಂದು ಕೊಟ್ಟಳು. ಆಮೇಲೆ ಅವಳಿಗೆ ಉಳಿದದ್ದು ಆ ಮನೆ, ಒಂದು ಒಲೆ, ಒಂದು ಕರಾರು ಪತ್ರ.

ಹೀಗೆ ಒಳಗಿದ್ದವರ ದುಡ್ಡು ಹಾಕಿ ವ್ಯಾಪಾರಿ ವಠಾರವನ್ನು ಕೊಂಡ. ತನ್ನಂಥ ಬುದ್ಧಿವಂತ ಈ ಬೀದಿಯಲ್ಲೇ ಇಲ್ಲ ಎಂದುಕೊಂಡ.

ತಿಂಗಳು ಕಳೆಯಿತು. ಬ್ಯಾಂಕು ಕಂತು ಕೇಳಿತು. ವ್ಯಾಪಾರಿ ಬಾಡಿಗೆ ವಸೂಲಿಗೆಂದು ಹೊರಟ. ಚಪ್ಪಲಿ ಮೆಟ್ಟಿದ ಮೇಲೆ ಅವನಿಗೆ ನೆನಪಾಯಿತು, ಬಾಡಿಗೆ ಕೊಡಬೇಕಾದವರು ಯಾರೂ ಇಲ್ಲ ಎಂದು. ಆರೂ ಮನೆಗಳನ್ನು ಅವನೇ ಭೋಗ್ಯಕ್ಕೆ ಕೊಟ್ಟು ಮುಗಿಸಿದ್ದ.

ಒಂದು ಮನೆ ಖಾಲಿಯಾದರೆ ಅದನ್ನು ಅಂಗಡಿಗೆ ಬಾಡಿಗೆಗೆ ಬಿಡಬಹುದು ಎಂದು ಯೋಚಿಸಿದ. ಬೀದಿಗೆ ಮುಖ ಮಾಡಿದ್ದು ಮುನಿತಾಯಮ್ಮನ ಮನೆ. ಒಂಟಿ ಹೆಂಗಸು, ಹೂ ಕಟ್ಟುವವಳು, ಎಬ್ಬಿಸುವುದು ಸುಲಭ ಎಂದುಕೊಂಡ. ಕೊಂಡ ಮನೆಯಲ್ಲಿ ಇನ್ನೂ ಹಾಲು ಉಕ್ಕಿಸಿಲ್ಲ ಎಂಬ ನೆಪವೂ ಸಿಕ್ಕಿತು. ಒಂದು ಶುಕ್ರವಾರ ಬೆಳಿಗ್ಗೆ ಪುರೋಹಿತರನ್ನೂ ನಾಲ್ಕು ಜನ ನೆಂಟರನ್ನೂ ಕಟ್ಟಿಕೊಂಡು, ಅಂಗಡಿಯ ಹೊಸ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಹಿಡಿದು ಬಂದ. ಪಾತ್ರೆಯ ಮೇಲೆ ಬೆಲೆಯ ಚೀಟಿ ಹಾಗೇ ಇತ್ತು. ಜೇಬಿನಲ್ಲಿ ಹೊಸ ಬೀಗವಿತ್ತು. ಹಾಲು ಉಕ್ಕಿದ ಕೂಡಲೇ ಅವಳನ್ನು ಹೊರಗಿಟ್ಟು ಬೀಗ ಜಡಿಯುವುದು ಅವನ ಉಪಾಯ.

ಮುನಿತಾಯಮ್ಮ ಬಾಗಿಲಿಗೆ ಅಡ್ಡ ಕುಳಿತು ಸೇವಂತಿಗೆ ಕಟ್ಟುತ್ತಿದ್ದಳು.

"ಏಳಮ್ಮ, ಸಾಮಾನು ಆಚೆ ಇಡು. ನನ್ನ ಮನೆಯಲ್ಲಿ ನಾನು ಹಾಲು ಉಕ್ಕಿಸಬೇಕು" ಎಂದ ವ್ಯಾಪಾರಿ.

ಅವಳು ಕೈಯ ದಾರ ಬಿಡಲಿಲ್ಲ. "ಉಕ್ಕಿಸಿ ಓನರ್ರೇ, ಯಾರು ಬೇಡ ಅಂದ್ರು? ಚಪ್ಪಲಿ ಮಾತ್ರ ಆಚೆ ಬಿಟ್ಟು ಬನ್ನಿ."

"ನನ್ನ ಮನೆಗೆ ಬರೋಕೆ ನಿನ್ನನ್ನು ಕೇಳಬೇಕಾ?"

"ನನ್ನ ದುಡ್ಡು ಈ ಗೋಡೆಯೊಳಗೆ ಇದೆ. ಅದನ್ನು ತೆಗೆದು ಕೈಗೆ ಕೊಡಿ, ಈಗಲೇ ಏಳ್ತೀನಿ. ಕೊಡೋವರೆಗೂ ಒಲೆ ನಂದು, ನೀವು ನೆಂಟರು."

ಉಳಿದ ಐದು ಬಾಗಿಲುಗಳು ತೆರೆದವು. ಐದೂ ಮನೆಯವರು ತಮ್ಮ ತಮ್ಮ ಕರಾರು ಪತ್ರ ಹಿಡಿದು ಬಂದು ಅವಳ ಪಕ್ಕದಲ್ಲಿ ನಿಂತರು. ಅವಳನ್ನು ಎಬ್ಬಿಸಿದರೆ ನಾವೂ ಏಳುತ್ತೇವೆ, ನಮ್ಮದನ್ನೂ ಇವತ್ತೇ ಎಣಿಸಿ ಕೊಡಿ ಎಂದರು. ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದರು. ನೆಂಟರು ತಿಂಡಿ ಎಲ್ಲಿದೆ ಎಂದು ಹುಡುಕುತ್ತಿದ್ದರು.

ವ್ಯಾಪಾರಿ ಆರೂ ಬಾಗಿಲುಗಳನ್ನು ನೋಡಿದ. ನೋಂದಣಿ ಪತ್ರದಲ್ಲಿ ಆರೂ ಅವನವೇ. ಕೈಯಲ್ಲಿದ್ದ ಪಾತ್ರೆ ಇಡಲು ಮಾತ್ರ ಅವನದೆಂಬ ಒಂದು ಒಲೆ ಇರಲಿಲ್ಲ. ಪಾತ್ರೆ ಭಾರವಾಗುತ್ತಿತ್ತು. ಅವನು ಚಪ್ಪಲಿ ಬಿಟ್ಟ.

ಮುನಿತಾಯಮ್ಮ ಎದ್ದು ಪಾತ್ರೆ ಇಸಿದುಕೊಂಡಳು. ಬೆಲೆಯ ಚೀಟಿ ಕಿತ್ತು, ತನ್ನ ಒಲೆಯ ಮೇಲಿಟ್ಟು ಹಾಲು ಉಕ್ಕಿಸಿದಳು. ಮೊದಲ ಲೋಟವನ್ನು ವ್ಯಾಪಾರಿಯ ಕೈಗಿತ್ತಳು. ನೆಂಟರಿಗೆ ಮೊದಲು ಕೊಡುವುದು ತಮ್ಮ ಮನೆಯ ಪದ್ಧತಿ ಎಂದಳು.

ಅವಳು ಮೂರು ವರ್ಷವೂ ಅಲ್ಲೇ ಇದ್ದಳು. ಬೀಗ ಜೇಬಿನಲ್ಲೇ ಉಳಿಯಿತು. ಕಂತು ಕಟ್ಟಲು ವ್ಯಾಪಾರಿ ತಾನಿದ್ದ ಮನೆಯನ್ನೇ ಬಾಡಿಗೆಗೆ ಕೊಟ್ಟು, ಅಂಗಡಿಯ ಹಿಂದೆ ಕೊಳಗ ಕೊಪ್ಪರಿಗೆಗಳ ನಡುವೆ ಸಂಸಾರ ಹೂಡಿದ. ಅವನ ಮನೆಯಲ್ಲಿ ಹಾಲು ಉಕ್ಕಿಸಿದವನು ಹೊಸ ಬಾಡಿಗೆದಾರ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಕೊಳ್ಳಲೇಬಾರದೇ? ನಾನು ಕೇಳಿದ್ದು ಎಲ್ಲಿಂದ ಶುರು ಮಾಡಲಿ ಎಂದು" ಎಂದ.

ಗುರುಗಳು ಎರಡೂ ಕಣ್ಣು ಮುಚ್ಚಿಕೊಂಡು ಹೇಳಿದರು:

"ಲೆಕ್ಕಕ್ಕಿಲ್ಲ ಎಂದೆಯಲ್ಲ, ಅವರ ಬಾಗಿಲಲ್ಲಿ ಚಪ್ಪಲಿ ಬಿಡುವುದರಿಂದ ಶುರು ಮಾಡು."